ಜರ್ಮನಿಗೆ ಹೋಗಿಬಂದ ಬೀಸುಕಲ್ಲಿನ ಪದ

ಬೆಳಕು ಹರಿಯುವ ಮುಂಚೆ ನಾನು ಮಾಡುವ ಕೆಲಸಗಳು ಇವು: ನಳ ನಿಲ್ಲುವುದರೊಳಗೆ ಪಿಪಾಯಿ ತುಂಬುವುದು. ಹಾಲಿನ ಕೇಂದ್ರದ ಸಾಲಿನಲ್ಲಿ ಖಾಲಿ ಬಾಟಲಿಗಳನ್ನು ನನ್ನ ಪ್ರತಿನಿಧಿಗಳಾಗಿ ನಿಲ್ಲಿಸಿ ಓಡಿ ಬರುವುದು. ನೀರು ಕಾಯಿಸುವ ಬಂಬಿಗೆ ಉರಿ ಹಾಕುವುದು. ಅತ್ತೆಯ ಮಂಡಿಗೆ ಬಿಸಿ ಎಣ್ಣೆ ತಿಕ್ಕುವುದು. ರೊಟ್ಟಿ ಬಡಿಯುವುದು, ಅದೂ ಯಜಮಾನರ ನಿದ್ದೆ ಕೆಡದ ಹಾಗೆ ಮೆಲ್ಲಗೆ! ಯಜಮಾನರನ್ನು ಎಬ್ಬಿಸುವುದು. ಮತ್ತೊಮ್ಮೆ ಎಬ್ಬಿಸುವುದು. ಡಬ್ಬಿ ಕಟ್ಟುವುದು. ಅವರ ಕಣ್ಣೆದುರಿಗೇ ಬಿದ್ದಿರುವ ಚಪ್ಪಲಿಯನ್ನು ಹುಡುಕಿ ಕೊಡುವುದು. ಇಷ್ಟಾದ ಮೇಲೆ ಸೂರ್ಯ ಹುಟ್ಟುತ್ತಾನೆ. ಅವನಿಗೇನು? ಎಲ್ಲ ತಯಾರಾದ ಮೇಲೆ ಬರುವ ಗಂಡಸು!

ನಮ್ಮ ಯಜಮಾನರು ಹಣಮಂತ್ರಾಯರು. ಹಗಲು ಹೊತ್ತು ಹಡಪಸರದ ಒಂದು ಪಂಪು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಾರೆ. ಸಂಜೆ ಹೊತ್ತು ಕನ್ನಡವನ್ನು ನೋಡಿಕೊಳ್ಳುತ್ತಾರೆ, ಅಂದರೆ ನಮ್ಮ ಕಾಲನಿಯ ಕನ್ನಡ ಸಂಘದ ಕಾರ್ಯದರ್ಶಿ. ಪುಣೆಯಲ್ಲಿ ಕನ್ನಡ ಸಂಸ್ಕೃತಿ ಉಳಿದಿರುವುದು ತಮ್ಮಿಂದಲೇ ಎಂದು ಅವರ ನಂಬಿಕೆ. ಅವರು ಉಳಿದಿರುವುದು ಯಾರಿಂದ ಎಂದು ಯಾರೂ ಕೇಳಿಲ್ಲ.

ಹೀಗೆ ಜಗತ್ತು ನನ್ನನ್ನು ಗುರುತಿಸದೆ ತನ್ನ ಪಾಡಿಗೆ ತಿರುಗುತ್ತಿರಲು, ಎಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಅದು ಪಕ್ಕದ ಮನೆಯ ಗೋದಾಳನ್ನು ಗುರುತಿಸಿಬಿಟ್ಟಿತು!

ಗುರುತಿಸಿದವಳು ಜರ್ಮನಿಯಿಂದ ಬಂದ ಉರ್ಸುಲಾ. ಪುಣೆಯಲ್ಲಿ ಎಲ್ಲರ ಬಾಯಲ್ಲೂ ಉರ್ಸುಲಾಬಾಯಿ. ಹಣೆಗೆ ದೊಡ್ಡ ಕುಂಕುಮ, ಮೈಗೆ ಖಾದಿ, ಕಾಲಿಗೆ ಕೊಲ್ಹಾಪುರಿ ಮೆಟ್ಟು, ಹೆಗಲಿಗೆ ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ರೆಕಾರ್ಡರ್. ನಾವು ಕಾಲನಿಯ ಹೆಂಗಸರು ನೈಲಾನ್ ಸೀರೆ ಉಟ್ಟು, ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿ ಅವಳನ್ನು ನೋಡಲು ಓಡಿದೆವು. ಇಬ್ಬರಲ್ಲಿ ಯಾರು ಭಾರತೀಯರು ಎಂದು ದೂರದಿಂದ ನೋಡಿದವರಿಗೆ ಸಂದೇಹ ಬರುವಂತಿತ್ತು.

ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ಓವಿಗಳನ್ನು ಅವಳು ಸಂಗ್ರಹಿಸುತ್ತಿದ್ದಳು. ಮರಾಠಿ ಕಲಿತೇ ಬಂದಿದ್ದಳು. ಗೋದಾ ತನ್ನ ಅಜ್ಜಿಯಿಂದ ಕಲಿತ ಓವಿಗಳನ್ನು ಕಣ್ಣು ಮುಚ್ಚಿ ಹಾಡಿದಳು. ಮರುದಿನದಿಂದ ಅವಳು ನಳಕ್ಕೆ ಬರುವ ಠೀವಿಯೇ ಬದಲಾಯಿತು. ಕೊಡ ಇಡುವಾಗಲೂ "ನನ್ನ ದನಿ ಜರ್ಮನಿಗೆ ಹೋಗುತ್ತದಂತೆ!" ಎತ್ತುವಾಗಲೂ "ಜರ್ಮನಿಗೆ!" ಅಷ್ಟಕ್ಕೆ ನಿಲ್ಲಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಂದು ದಿನ ಉರ್ಸುಲಾಬಾಯಿಯ ಎದುರಿಗೇ ಮರಾಠಿಯಲ್ಲಿ, "ನಿಮ್ಮ ಕಾನಡಿ ಹೆಂಗಸರಿಗೆ ಇಂಥ ಹಾಡುಗಳೇ ಇಲ್ಲ ಅಲ್ಲವೇನೇ ಅಂಬಾ?" ಎಂದುಬಿಟ್ಟಳು.

ಅಂಬಾ ಎಂದರೆ ನಾನು. ಕಾವೇರಿಯಿಂದ ಭೀಮೆಯವರೆಗಿನ ಸಮಸ್ತ ಕನ್ನಡ ನಾಡು ನನ್ನ ಗಂಟಲಿಗೆ ಬಂದು ನಿಂತಿತು!

"ಇಲ್ಲವೇ? ನಮ್ಮ ಹೆಂಗಸರು ಬೀಸಲು ಕೂತರೆ ಜೋಳ ಮುಗಿಯುತ್ತದೆ, ಪದ ಮುಗಿಯುವುದಿಲ್ಲ! ರವಿವಾರ ಬಾ ಉರ್ಸುಲಾಬಾಯಿ. ನಿನ್ನ ಟೇಪು ಸಾಲದಿದ್ದರೆ ನನ್ನನ್ನು ಕೇಳಬೇಡ!" ಎಂದು ಮರಾಠಿಯಲ್ಲೇ ಗುಡುಗಿದೆ. ಗೋದಾಳ ಕೊಡ ತುಂಬಿ ಹರಿಯುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ಆ ಗಳಿಗೆಯ ಸುಖವನ್ನು ನಾನು ಈಗಲೂ ಮರೆತಿಲ್ಲ.

ಮನೆಗೆ ಬಂದ ಮೇಲೆ ಒಂದು ಸಣ್ಣ ತೊಂದರೆ ನೆನಪಾಯಿತು. ನನಗೆ ಒಂದೂ ಬೀಸುವ ಪದ ಬರುತ್ತಿರಲಿಲ್ಲ!

ಬರುವುದಾದರೂ ಹೇಗೆ? ಕಲಬುರ್ಗಿಯಲ್ಲಿ ನಮ್ಮ ಮನೆಯ ಓಣಿಯ ತುದಿಗೇ ಹಿಟ್ಟಿನ ಗಿರಣಿ ಇತ್ತು. ಗಿರಣಿಯಲ್ಲಿ ಹಾಡುವುದು ಎಂಜಿನ್ನು; ನಮ್ಮ ಕೆಲಸ ಸರದಿಯಲ್ಲಿ ನಿಂತು ಕೆಮ್ಮುವುದು. ನನಗೆ ಬಾಯಿಪಾಠ ಬರುತ್ತಿದ್ದುದು ಸಿನಿಮಾ ಹಾಡುಗಳು, ಬಿಟ್ಟರೆ ರೇಡಿಯೋ ಜಾಹೀರಾತುಗಳು.

ಯಜಮಾನರಿಗೆ ಸುದ್ದಿ ಮುಟ್ಟಿತು. ಮನೆಯಲ್ಲಿ ದಸರಾ ಬಂದಂತಾಯಿತು.

"ಖರೇನ? ಜರ್ಮನಿಯಾಕಿ ನಮ್ಮನಿಗೆ ಬರ್ತಾಳ? ಇದು ಕನ್ನಡದ ಮರ್ಯಾದಿ ಪ್ರಶ್ನಿ ಅದ, ತಿಳೀತಿಲ್ಲ?"

"ತಿಳೀತ್ರಿ."

"ನಿನಗ ಪದ ಬರ್ತಾವಂತ ನನಗ ಇಷ್ಟ ವರ್ಷ ಗೊತ್ತ ಇದ್ದಿಲ್ಲ ನೋಡು! ಒಂದು ಹಾಡು, ಕೇಳೋಣು."

"ಕಲ್ಲಿಲ್ದ ಹೆಂಗ ಹಾಡೂದ್ರಿ? ಸ್ವರ ಹತ್ತಂಗಿಲ್ಲ."

"ಹೌದೌದು. ಭಾಳ ಸೂಕ್ಷ್ಮ ಅದ ಇದೆಲ್ಲಾ," ಎಂದು ಅವರು ಗಂಭೀರವಾಗಿ ತಲೆಯಾಡಿಸಿದರು.

ಉಳಿದ ಆಸೆ ಅತ್ತೆ ಚಂದಮ್ಮನವರು. ಹಳೆಯ ಕಾಲದ ಹೆಂಗಸು, ಬೀಸದೆ ಇದ್ದಾರೆಯೆ? ಮಂಡಿಗೆ ಎಣ್ಣೆ ತಿಕ್ಕುತ್ತ ಮೆಲ್ಲಗೆ ಕೇಳಿದೆ.

"ಅತ್ತಿ, ಬೀಸೂ ಪದ ಒಂದೆರಡು ಹೇಳಿಕೊಡ್ರಲ್ಲ."

ಅತ್ತೆ ಜಂತಿ ನೋಡಿದರು. "ನಾ ಎಲ್ಲಿ ಬೀಸೀನಿ ತಂಗಿ? ನಮ್ಮನ್ಯಾಗ ಬೀಸಾಕ ಆಳಿದ್ರು. ನನಗೊಂದ ಪದಾನೂ ಬರೂದಿಲ್ಲ." ಆಮೇಲೆ ಎಲೆ ಅಡಿಕೆ ಹಾಕಿಕೊಂಡು ಬಾಯಿ ಮುಚ್ಚಿಬಿಟ್ಟರು. "ಇನ್ನೊಂಚೂರು ಎಡಕ ತಿಕ್ಕು," ಎನ್ನಲು ಮಾತ್ರ ತೆರೆದರು.

ಪದ ಇಲ್ಲದಿದ್ದರೂ ಕಲ್ಲು ಇತ್ತು. ಕೆಳಗಿನ ಕಲ್ಲಿನ ಮೇಲೆ ನಮ್ಮ ಮಿಕ್ಸರ್ ಕೂತಿತ್ತು. ಮೇಲಿನ ಕಲ್ಲು ಬಾಗಿಲು ಬಡಿದುಕೊಳ್ಳದಂತೆ ಆನಿಕೊಂಡಿತ್ತು. ಅಗಲಿದ ದಂಪತಿಗಳನ್ನು ಕೂಡಿಸಿ, ತೊಳೆದು, ಗೂಟ ಬಡಿದು, ಒಂದು ಹಿಡಿ ಜೋಳ ಹಾಕಿ ತಿರುವಿದೆ. ಕಲ್ಲು ಮಿಸುಕಲಿಲ್ಲ! ಜೀವ ಹಾಕಿ ಎಳೆದೆ. ಕಲ್ಲು ಅಲ್ಲೇ ಇತ್ತು. ನಾನು ಅದರ ಸುತ್ತ ತಿರುಗಿದೆ. ಕೊನೆಗೊಂದು ಮಹಾ ಉಪಾಯ ಹೊಳೆಯಿತು. ಜೋಳದ ಬದಲು ಗಿರಣಿಯಿಂದ ತಂದ ಹಿಟ್ಟನ್ನೇ ಹಾಕಿದೆ. ಕಲ್ಲು ನವಿಲಿನಂತೆ ತಿರುಗಿತು! ಹಿಟ್ಟನ್ನು ಬೀಸಿ ಹಿಟ್ಟು ಮಾಡಿದ ಮೊದಲ ಕನ್ನಡತಿ ನಾನೇ ಇರಬೇಕು.

ರವಿವಾರ ಉರ್ಸುಲಾಬಾಯಿ ಬಂದಳು. ನಾನು ಉಟ್ಟಿದ್ದ ಹೊಸ ನೈಲಾನ್ ಸೀರೆ ನೋಡಿ ಮುಖ ಸಣ್ಣದು ಮಾಡಿದಳು.

"ನಿಮ್ಮದು ಅಸಲಿ ಸೀರೆ ಇಲ್ಲವೆ?"

"ಟೇಪಿನಲ್ಲಿ ಸೀರೆ ಕೇಳಿಸುತ್ತದೆಯೆ ಬಾಯಿ?"

ಕೇಳಿಸುವುದಿಲ್ಲವಂತೆ, ಆದರೆ ಫೋಟೋ ತೆಗೆಯಬೇಕಂತೆ. ಅತ್ತೆಯ ಇಳಕಲ್ ಸೀರೆ ಉಟ್ಟೆ. ಆಮೇಲೆ ಮಿಕ್ಸರ್ ಮಂಚದ ಕೆಳಗೆ ಹೋಯಿತು, ಗ್ಯಾಸಿನ ಸಿಲಿಂಡರಿಗೆ ದುಪ್ಪಟಿ ಹೊದಿಸಿದ್ದಾಯಿತು, ಕುಕ್ಕರಿನ ಸೀಟಿ ತೆಗೆದಿಟ್ಟಿದ್ದಾಯಿತು. ಹತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಒಂದೊಂದಾಗಿ ಕೂಡಿಸಿದ್ದ ನನ್ನ ಇಪ್ಪತ್ತನೆಯ ಶತಮಾನವನ್ನೆಲ್ಲ ಅವಳು ಒಂದು ಗಳಿಗೆಯಲ್ಲಿ ಮನೆಯಿಂದ ಹೊರಗೆ ಹಾಕಿದಳು. "ಈಗ ಬಹಳ ಸುಂದರವಾಗಿದೆ!" ಎಂದಳು.

ಅತ್ತೆ ತಲೆನೋವೆಂದು ಗೋದಾಳ ಮನೆಗೆ ಹೋಗಿ ಮಲಗಿದರು. ಯಜಮಾನರು ಜರಿ ರುಮಾಲು ಸುತ್ತಿಕೊಂಡು ಸಿದ್ಧರಾಗಿದ್ದರು. ಅಷ್ಟರಲ್ಲಿ ಅತಿಥಿಗೆ ತಿಂಡಿ ಆಗಬೇಕಲ್ಲ ಎಂಬುದು ಅವರಿಗೆ ಹೊಳೆಯಿತು. ಹೆಂಡತಿ ಸಂಸ್ಕೃತಿಯ ಮುಂದೆ ಕೂತಿದ್ದಾಳೆ. ಒಲೆಯ ಮುಂದೆ ಕೂರುವವರು ಯಾರು? "ಮಹಾಲಿಂಗನ ಹೊಟೇಲಿನಿಂದ ಇಡ್ಲಿ ತರ್ತೀನಿ," ಎಂದು ಹೊರಟರು. ಮದುವೆಯಾದ ಮೇಲೆ ಅವರು ಮನೆಗೆ ತಂದ ಮೊದಲ ತಿಂಡಿ. ಮಹಾಲಿಂಗ ದಕ್ಷಿಣ ಕನ್ನಡದವನು, ಸಂಘದ ಖಜಾಂಚಿ, ಮಾತಿಗೆ ಸಿಕ್ಕರೆ ಬಿಡುವವನಲ್ಲ. ಯಜಮಾನರು ಬೇಗ ತಿರುಗಿ ಬರುವ ಭಯವಿರಲಿಲ್ಲ.

ಉರ್ಸುಲಾಬಾಯಿ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಕೈ ಸನ್ನೆ ಮಾಡಿದಳು. ನಾನು ಕಲ್ಲು ತಿರುವಿದೆ. ಬಾಯಿ ತೆರೆದೆ.

ಏನೂ ಬರಲಿಲ್ಲ!

ಕಲ್ಲು ಗರಗರ ತಿರುಗುತ್ತಿದೆ, ಟೇಪು ತಿರುಗುತ್ತಿದೆ, ನನ್ನ ತಲೆ ಎರಡಕ್ಕಿಂತ ಜೋರಾಗಿ ತಿರುಗುತ್ತಿದೆ. ಆ ಸಂಕಟದಲ್ಲಿ ಗಂಟಲಿಗೆ ಸಿಕ್ಕಿದ ಧಾಟಿ ಯಾವುದು ಗೊತ್ತೆ? ರೇಡಿಯೋದಲ್ಲಿ ದಿನವೂ ಬರುತ್ತಿದ್ದ ಒಂದು ಹಲ್ಲುಪುಡಿಯ ಜಾಹೀರಾತಿನದು! ಅದನ್ನೇ ಕಲ್ಲಿನ ಗತಿಗೆ ಎಳೆದು ನಿಧಾನ ಮಾಡಿದೆ. ಇನ್ನು ಮಾತು? ಮಾತಿಗೇನು ಬರ! ಬೆಳಗಿನಿಂದ ರಾತ್ರಿಯವರೆಗೆ ಮನಸ್ಸಿನಲ್ಲಿ ಗೊಣಗಿಕೊಂಡದ್ದೆಲ್ಲ ಅಲ್ಲೇ ಸಾಲುಗಟ್ಟಿ ನಿಂತಿತ್ತು. ಎದುರಿಗಿದ್ದವಳಿಗೆ ಮರಾಠಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಇಂಥ ಶ್ರೋತೃ ಯಾವ ಹೆಂಡತಿಗೆ ಸಿಕ್ಕಾಳು!

*ಕೋಳಿ ಕೂಗೂ ಮುಂಚೆ ಕೊಡ ಹೊತ್ತು ಬಂದೇನ*
*ಕೊರಳುದ್ದ ನೀರು ತುಂಬೇನ, ನನ ರಾಯ*
*ಮುಸುಕೆಳೆದು ಮಗ್ಗಲ ಹೊರಳ್ಯಾನ!*

ಒಂದು ಬಂದದ್ದೇ ತಡ, ಎರಡನೆಯದು ತಾನೇ ಬಂತು.

*ಕೈಗೆ ಗಂಗಾಳ ಕೊಟ್ಟೇನ, ಕಾಲಿಗೆ ಕೆರ ಹುಡುಕೇನ*
*ಕಣ್ಮುಂದ ಇದ್ದದ್ದು ಕಾಣವಲ್ಲ, ನನ ರಾಯ*
*ಊರಿನ ನ್ಯಾಯ ಬಿಡಿಸ್ಯಾನ!*

*ಅತ್ತಿ ಮಂಡಿಗೆ ಎಣ್ಣಿ, ಮಗನ ರೊಟ್ಟಿಗೆ ಬೆಣ್ಣಿ*
*ಬೆಂದ ಬೆರಳಿಗೆ ಬರೆ ಗಾಳಿ, ಊದೇನ*
*ನನ ಬಾಯಿ ನನಗ ಮದ್ದಾತ!*

ಹಾಡು ನಿಂತಾಗ ಉರ್ಸುಲಾಬಾಯಿಯ ಕಣ್ಣು ಒದ್ದೆಯಾಗಿತ್ತು. ಹಿಟ್ಟನ್ನು ಬೆರಳಲ್ಲಿ ಮುಟ್ಟಿ, "ಎಷ್ಟು ನಯ! ಯಾವ ಯಂತ್ರಕ್ಕೂ ಇದು ಬರುವುದಿಲ್ಲ," ಎಂದಳು. ಆಮೇಲೆ, "ಈ ಧಾಟಿ ನನ್ನ ಅಜ್ಜಿ ಗುನುಗುತ್ತಿದ್ದ ಧಾಟಿಯ ಹಾಗೇ ಇದೆ! ನೋಡಿ, ಜನಪದ ಎಲ್ಲ ಕಡೆ ಒಂದೇ!" ಎಂದಳು. ಆ ಹಲ್ಲುಪುಡಿಯವರು ಧಾಟಿ ಎಲ್ಲಿಂದ ಎತ್ತಿದ್ದರೆಂದು ನನಗೆ ಆಗ ಹೊಳೆಯಿತು. ನಾನು ಕಲ್ಲು ಒರೆಸತೊಡಗಿದೆ.

"ಇದರ ಅರ್ಥ?" ಎಂದಳು.

ಅರ್ಥ! ನನ್ನ ಗಂಡನ ಮುಸುಕನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಎಳೆಯಲು ಮನಸ್ಸು ಬರಲಿಲ್ಲ. ಗೋದಾಳ ಓವಿಗಳ ತುಂಬ ವಿಠ್ಠಲನಿದ್ದದ್ದು ನೆನಪಾಯಿತು. ಅವನ ಕಾಲಿಗೇ ಬಿದ್ದೆ.

"ಇದು ಭಕ್ತಿಯ ಪದ, ಬಾಯಿ. ರಾಯ ಅಂದರೆ ಪಾಂಡುರಂಗ. ಭಕ್ತೆ ಅವನ ಅಭಿಷೇಕಕ್ಕೆ ನೀರು ತಂದಿದ್ದಾಳೆ. ಅವನು ಯೋಗನಿದ್ರೆಯಲ್ಲಿ ಹೊರಳುತ್ತಿದ್ದಾನೆ."

"ಓಹ್! ಎರಡನೆಯದು?"

"ಗಂಗಾಳ ಅಂದರೆ ನೈವೇದ್ಯದ ತಟ್ಟೆ. ಕೆರ ಅಂದರೆ ಪಾದುಕೆ. ಅವನು ತನ್ನದೇನನ್ನೂ ನೋಡಿಕೊಳ್ಳುವುದಿಲ್ಲ, ಲೋಕಕ್ಕೆಲ್ಲ ನ್ಯಾಯ ಕೊಡುತ್ತಾನೆ."

"ಮತ್ತೆ ಈ ಅತ್ತೆ?"

"ಅತ್ತೆ ಅಂದರೆ... ಮಾಯೆ!"

ಉರ್ಸುಲಾಬಾಯಿ ಎಲ್ಲವನ್ನೂ ಬರೆದುಕೊಂಡಳು. ಅಷ್ಟರಲ್ಲಿ ಪಾಂಡುರಂಗ ಇಡ್ಲಿ ಪೊಟ್ಟಣ ಹಿಡಿದು ಒಳಗೆ ಬಂದು, "ಏ, ತಾಟು ಎಲ್ಲಿ ಅವ?" ಎಂದ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನಳದ ಹತ್ತಿರ ಗೋದಾ "ಜರ್ಮನಿ" ಎಂದರೆ ನಾನೂ "ಜರ್ಮನಿ" ಎನ್ನುತ್ತಿದ್ದೆ. ಇಬ್ಬರ ಕೊಡಗಳೂ ಸಮ ಎತ್ತರದಲ್ಲಿ ಹೋಗುತ್ತಿದ್ದವು. ಆದರೆ ಮುಂದಿನ ವರ್ಷ, ದೀಪಾವಳಿ ಮುಗಿಯುತ್ತಿದ್ದಂತೆ, ಜರ್ಮನಿಯಿಂದ ಒಂದು ಪಾರ್ಸಲು ಬಂತು. ಒಳಗೆ ಥಳಥಳಿಸುವ ಒಂದು ಕ್ಯಾಸೆಟ್ಟು. ಹೊದಿಕೆಯ ಮೇಲೆ ಅತ್ತೆಯ ಸೀರೆ ಉಟ್ಟ ನನ್ನ ಫೋಟೋ! ಒಂದು ಬದಿಗೆ ಗೋದಾ, ಇನ್ನೊಂದು ಬದಿಗೆ ನಾನು. ಜೊತೆಗೊಂದು ಇಂಗ್ಲಿಷ್ ಪುಸ್ತಿಕೆ. ಅದರಲ್ಲಿ: ಹಾಡಿದವರು ಅಂಬಾಬಾಯಿ, ಕಟ್ಟಿದವರು ಯಾರೋ ತಿಳಿಯದು, ಬಹು ಪ್ರಾಚೀನ.

ನಮ್ಮ ಮನೆಯಲ್ಲಿ ಕ್ಯಾಸೆಟ್ ಹಾಕುವ ಯಂತ್ರವಿರಲಿಲ್ಲ. ಯಜಮಾನರು ಪುಸ್ತಿಕೆ ಓದಿದರು. ಓದಿ ಗದ್ಗದರಾದರು.

"ಯೋಗನಿದ್ರಾ! ಎಂಥಾ ಕಲ್ಪನಾ! ಇಷ್ಟು ದಿನ ನಮ್ಮ ಅಡಗಿಮನ್ಯಾಗ ಇಂಥಾ ಸಂಸ್ಕೃತಿ ಇತ್ತಂತ ನನಗ ಗೊತ್ತಾಗಲಿಲ್ಲಲ್ಲ!"

"ಅಡಗಿಮನಿಗೆ ನೀವು ಬಂದಿದ್ರ ಗೊತ್ತಾಗ್ತಿತ್ತು."

"ಈ ಸಲ ರಾಜ್ಯೋತ್ಸವದಾಗ ಇದನ್ನ ಎಲ್ಲಾರಿಗೂ ಕೇಳಸ್ತೀನಿ!"

ನನ್ನ ಕೈಯಲ್ಲಿದ್ದ ರೊಟ್ಟಿ ಹರಿದು ಎರಡಾಯಿತು. ಎಲ್ಲಾರಿಗೂ ಎಂದರೆ ಯಾರಿಗೆ? ಇಡೀ ಸಭಾಂಗಣ ತುಂಬ ಕನ್ನಡ ಬರುವವರಿಗೆ! ಮುಸುಕು, ಕೆರ, ಅತ್ತೆಯ ಮಂಡಿ, ಎಲ್ಲವೂ ಮೈಕಿನಲ್ಲಿ! ಊರ ಮುಂದೆ ಗಂಡನ ಮಾನ ಹೋಗುವುದು ಒಂದು; ಆಮೇಲೆ ಆ ಗಂಡನ ಜೊತೆ, ಆ ಅತ್ತೆಯ ಜೊತೆ ಅದೇ ಮನೆಯಲ್ಲಿ ನಾನು ಇರಬೇಕಲ್ಲ!

"ನನ್ನ ದನಿ ಛಂದ ಬಂದಿಲ್ರಿ, ಬ್ಯಾಡ."

"ಜರ್ಮನಿಯವರ ಮೆಚ್ಚ್ಯಾರ, ನೀ ಯಾರು ಛಂದ ಇಲ್ಲನ್ನಾಕಿ?"

"ಹಂಗಾರ ಗೋದಾನ ಬದೀನ ಹಾಕ್ರಿ."

"ಕನ್ನಡ ರಾಜ್ಯೋತ್ಸವದಾಗ ಮರಾಠಿ ಓವಿ? ನನ್ನ ಕಾರ್ಯದರ್ಶಿ ಪದವಿ ಉಳೀತದೇನು?"

ಕ್ಯಾಸೆಟ್ಟನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟೆ. ಬಾಳಿನಲ್ಲಿ ಎಂದೂ ಡಬ್ಬಿ ತೆರೆಯದ ಯಜಮಾನರು ಅಂದೇ, ಅತಿಥಿಗಳಿಗೆ ತೋರಿಸಲು, ಬೀಸುವ ಜೋಳ ಹೇಗಿರುತ್ತದೆಂದು ತೆರೆದರು! ಕೊನೆಗೆ ಮಹಾಲಿಂಗನ ಹೊಟೇಲಿಗೇ ಹೋಗಿ, "ನಿಮ್ಮ ಟೇಪ್ ರೆಕಾರ್ಡರ್ ಕೆಟ್ಟದ ಅಂತ ಹೇಳಿಬಿಡ್ರಿ ಅಣ್ಣಾ," ಎಂದು ಬೇಡಿಕೊಂಡೆ. ಅವನು ನನಗೆ ಗಾಬರಿಯಾಗಿದೆ ಎಂದು ತಿಳಿದ.

"ನೀವು ಹೆದರಬೇಡಿ ಅಕ್ಕಾ. ಒಂದು ಕೆಟ್ಟರೆ ಇನ್ನೊಂದು ಉಂಟು. ನಮ್ಮ ಭಾವ ಮಸ್ಕತ್ತಿನಿಂದ ಕಳಿಸಿದ್ದು, ಜಪಾನಿನದ್ದು! ಎರಡು ಸ್ಪೀಕರ್. ರಸ್ತೆಯವರೆಗೆ ಕೇಳಿಸ್ತದೆ, ನೋಡಿ!"

ಜರ್ಮನಿ, ಮಸ್ಕತ್ತು, ಜಪಾನು! ನನ್ನೊಬ್ಬಳ ಮಾನ ಕಳೆಯಲು ಇಷ್ಟು ದೇಶಗಳು ಕೈಜೋಡಿಸಬೇಕಾಗಿತ್ತೆ?

ರಾಜ್ಯೋತ್ಸವದ ದಿನ ಸಭಾಂಗಣ ಕಿಕ್ಕಿರಿದಿತ್ತು. ಗಂಡಸರು ಕುರ್ಚಿಗಳ ಮೇಲೆ, ಹೆಂಗಸರು ಜಮಖಾನೆಯ ಮೇಲೆ. ಮುಂದಿನ ಸಾಲಿನಲ್ಲಿ ಅತ್ತೆ. ಅವರ ಬಲಕ್ಕೆ ಮಹಾಲಿಂಗನ ಹೆಂಡತಿ ಸ್ವರ್ಣಲತಾ, ಎಡಕ್ಕೆ ಕಲಬುರ್ಗಿ ಕಡೆಯ ಸಕ್ಕುಬಾಯಿ. ಗಾರೆ ಕೆಲಸ ಮುಗಿಸಿ, ಕೈಕಾಲು ತೊಳೆದು ನೇರ ಬಂದಿದ್ದಳು. ನನ್ನನ್ನು ವೇದಿಕೆಯ ಮೇಲೆ ಕೂರಿಸಿ ಕೊರಳಿಗೆ ಹಾರ ಹಾಕಿದ್ದರು. ಬಲಿ ಕೊಡುವ ಮುಂಚೆ ಹಾರ ಹಾಕುವುದು ಪದ್ಧತಿ.

ಯಜಮಾನರು ಮೈಕಿನ ಮುಂದೆ ಪುಸ್ತಿಕೆಯನ್ನು ಕನ್ನಡಕ್ಕೆ ಅನುವಾದಿಸಿ ಓದಿದರು. "ಬಂಧುಗಳೇ! ಭಕ್ತೆಯು ಜಲವನ್ನು ತರುತ್ತಾಳೆ. ಸ್ವಾಮಿಯು ಯೋಗನಿದ್ರೆಯಲ್ಲಿ ಇದ್ದಾನೆ. ಆಹಾ! ಯುರೋಪಿಗೆ ಗೊತ್ತಾದ ನಮ್ಮ ಭಕ್ತಿ ನಮಗೇ ಗೊತ್ತಿಲ್ಲ! ಈಗ ಕೇಳಿ!"

ಮಹಾಲಿಂಗ ಗುಂಡಿ ಒತ್ತಿದ. ಕಲ್ಲು ಗರಗರ ಎಂದಿತು. ಎರಡು ಸ್ಪೀಕರುಗಳಿಂದ ನನ್ನ ದನಿ ಬಂತು.

*ಮುಸುಕೆಳೆದು ಮಗ್ಗಲ ಹೊರಳ್ಯಾನ!*

ಜಮಖಾನೆಯ ಹಿಂದಿನ ತುದಿಯಿಂದ ಯಾರೋ ಮೂಗಿನಲ್ಲಿ ನಕ್ಕರು. ಕೆರ ಹುಡುಕುವ ಹೊತ್ತಿಗೆ ನಗು ನಡುವಿನ ಸಾಲಿಗೆ ಬಂತು. "ಊರಿನ ನ್ಯಾಯ ಬಿಡಿಸ್ಯಾನ" ಎಂದಾಗ ಇಡೀ ಜಮಖಾನೆ ಅಲುಗಾಡಿತು! ಕುರ್ಚಿಗಳ ಮೇಲಿನವರು ಒಬ್ಬೊಬ್ಬರಾಗಿ ಬಗ್ಗಿ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ಯಜಮಾನರು ಪುಸ್ತಿಕೆ ನೋಡಿದರು, ಸ್ಪೀಕರು ನೋಡಿದರು, ನನ್ನನ್ನು ನೋಡಿದರು. ಆ ನೋಟದಲ್ಲಿ ಯೋಗನಿದ್ರೆ ಇರಲಿಲ್ಲ.

ಅತ್ತೆಯ ಮಂಡಿಯ ಪದ ಮುಗಿದು ಟೇಪು ನಿಂತಿತು. ಚಂದಮ್ಮನವರು ಎದ್ದು ನಿಂತರು. ನಗು ಗಪ್ಪಾಯಿತು. ನನ್ನ ಹಾರದ ಹೂಗಳೂ ಉಸಿರು ಹಿಡಿದವು.

"ಈ ಪದಾ ನನ್ನದ," ಎಂದರು ಅತ್ತೆ.

"ಅತ್ತಿ, ನಿಮಗ ಪದ ಬರೂದಿಲ್ಲ ಅಂದಿದ್ರಿ!" ವೇದಿಕೆಯ ಮೇಲಿಂದಲೇ ಕೂಗಿದೆ.

"ಅಯ್ಯ, ಶ್ಯಾಣ್ಯಾಕಿ! ಇಂಥಾ ಪದಾ ಯಾವ ಅತ್ತಿ ಸೊಸೀಗೆ ಕಲಸ್ತಾಳ? ನಿನ್ನ ಗಂಡನ ಅಪ್ಪನ ಮ್ಯಾಲ ನಾ ದಿನಾ ಹಾಡೀನಿ. ಇನ್ನೂ ಒಂದೈತಿ, ಅದನ್ನ ನೀ ಬಿಟ್ಟೀದಿ." ಎಂದವರೇ ಸೆರಗು ಸಿಕ್ಕಿಸಿಕೊಂಡು ದನಿ ತೆಗೆದರು.

*ಸಾರಿಗೆ ಉಪ್ಪಿಲ್ಲಂತ ಸಾವಿರ ಮಾತಾಡ್ಯಾನ*
*ಉಪ್ಪಿನ ಗಡಗಿ ಎಲ್ಲಂತ ಕೇಳಿದರ*
*ಮಾಳಿಗಿ ಜಂತಿ ನೋಡ್ಯಾನ!*

ನಾನು ಹೊಸದಾಗಿ ಕಟ್ಟಿದ ಪದಕ್ಕೆ ಅತ್ತೆಯ ಹಳೆಯ ಪದ ಹೇಗೆ ಕೂಡಿಕೊಂಡಿತೋ ಶಿವನೇ ಬಲ್ಲ. ಸಕ್ಕುಬಾಯಿ ಎದ್ದು, "ಇದು ನಮ್ಮವ್ವನ ಪದಾರೀ! ಕೊಡದ್ದು, ಕೆರದ್ದು, ಎಲ್ಲಾ ನಮ್ಮವ್ವಂದ!" ಎಂದಳು. ಸ್ವರ್ಣಲತಾ, "ನಮ್ಮಲ್ಲಿಯೂ ಇದೇ ಉಂಟು ಮಾರಾಯ್ತಿ, ಆದರೆ ತುಳುವಿನಲ್ಲಿ!" ಎಂದಳು. ಜಮಖಾನೆಯ ತುಂಬ ತಾಯಂದಿರು, ಅಜ್ಜಿಯರು, ಅವರ ಗಂಡಂದಿರು ಎದ್ದು ಬಂದರು. ನನ್ನ ಜೀವನದ ಏಕೈಕ ಕಾವ್ಯ ನನ್ನ ಕಣ್ಣೆದುರಿಗೇ ಲೂಟಿಯಾಗುತ್ತಿತ್ತು!

ಯಜಮಾನರಿಗೆ ಹೋದ ಜೀವ ಬಂತು. ಮೈಕಿನ ಮೇಲೆ ಅಂಗೈ ಮುಚ್ಚಿ ನನ್ನ ಕಿವಿಯಲ್ಲಿ ಉಸುರಿದರು: "ಹಳೇ ಪದ ಅಂತ ಹೇಳು. ಬುಕ್ಕಿನ್ಯಾಗೂ ಪ್ರಾಚೀನ ಅಂತನ ಅದ. ಯಾರೋ ಕಟ್ಟಿದ್ದು, ಯಾರದೋ ಗಂಡ. ನಂದೂ ಮರ್ಯಾದಿ ಉಳೀತದ, ನಿಂದೂ ಉಳೀತದ. ನಾಳಿಂದ ನಾನ ಹಾಲ ತರ್ತೀನಿ!"

ಮೈಕು ನನ್ನ ಮುಂದೆ ಬಂತು. "ಇದು ನನ್ನದು, ಹಿಟ್ಟು ಬೀಸುತ್ತ ನಾನೇ ಕಟ್ಟಿದ್ದು" ಎಂದು ಕೂಗಬೇಕೆಂದು ನಾಲಿಗೆ ತುರಿಸುತ್ತಿತ್ತು. ಕೂಗಿದರೆ ಸಭೆಯಲ್ಲಿ ಅತ್ತೆ ಸುಳ್ಳಿಯಾಗುತ್ತಾರೆ, ಸಕ್ಕುಬಾಯಿಯ ಅವ್ವ ಹಾಡೇ ಇಲ್ಲದವಳಾಗುತ್ತಾಳೆ. ಕೂಗದಿದ್ದರೆ ನಾನು ಯಾರೋ ಆಗುತ್ತೇನೆ, ಯಜಮಾನರು ಪಾಂಡುರಂಗನಾಗಿಯೇ ಉಳಿದುಬಿಡುತ್ತಾರೆ! ಏನು ಹೇಳಲೆಂದು ಕೇಳಲು ಗಂಡನನ್ನು ಬಿಟ್ಟರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವರನ್ನು ನಾನು ಕೇಳಲಿಲ್ಲ. ಮೈಕಿಗೆ ಬಾಯಿ ಹಚ್ಚಿದೆ.

"ಪದ ಅತ್ತಿಯವರದು. ನಿಮ್ಮೆಲ್ಲಾರದೂ ಹೌದು. ನಂದಲ್ಲ," ಎಂದೆ. ಯಜಮಾನರು ಕಣ್ಣು ಮುಚ್ಚಿ ಉಸಿರು ಬಿಟ್ಟರು. "ಆದರ ಟೇಪಿನ್ಯಾಗ ಮುಸುಕೆಳೆದು ಹೊರಳಿದ ರಾಯ ಮಾತ್ರ ನನ್ನಾವ. ಇಗಾ, ಇಲ್ಲೇ ನಿಂತಾನ ನೋಡ್ರಿ!"

ಸಭೆ ಚಪ್ಪಾಳೆಯಿಂದ ಬಿರಿಯಿತು. ಗೆದ್ದೆ ಎಂದು ನಾನು ಹಾರ ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಮೈಕಿಲ್ಲದೆಯೇ ರಸ್ತೆಯವರೆಗೆ ಕೇಳಿಸುವಂತೆ, ಅತ್ತೆ ಅಂದರು:

"ಅದೂ ನಂದ ತಂಗಿ! ಹಡದಾಕಿ ನಾನು, ತಾಟಿನ ಮುಂದ ಕುಂದರಿಸಿ ಹಂಗ ಬೆಳಿಸಿದಾಕಿನೂ ನಾನ. ನೀ ಬರೇ ಹಾಡೀದಿ!"